ಸವೆಯದ ಹಲಗೆ

“ಅಜ್ಜಾರ, ಸವೀಲಾರದ ಸೇವಾ ಮಾಡೂದು ಹೆಂಗ್ರಿ?”

ಶಿಷ್ಯ ಅಡವಯ್ಯ ಹೀಗೆ ಕೇಳಿದಾಗ ಗುರುಗಳು ಮಧ್ಯಾಹ್ನದ ಪ್ರಸಾದ ಮುಗಿಸಿ ಮಠದ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಸುತ್ತಲಿನ ಊರಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಡವಯ್ಯನೂ ಹಾಗೆಯೇ ಕರೆಯುತ್ತಿದ್ದ.

ನಿಜ ಹೇಳಬೇಕೆಂದರೆ ಅವನು ಪ್ರಶ್ನೆ ಕೇಳಲು ಬಂದವನಲ್ಲ, ಮಠ ಬಿಟ್ಟು ಹೋಗಲು ಅಪ್ಪಣೆ ಕೇಳಲು ಬಂದವನು. ಹೊಳೆಯಾಚೆಯ ದೊಡ್ಡ ಮಠದವರು ತಮ್ಮ ಗ್ರಂಥಾಲಯ ನೋಡಿಕೊಳ್ಳಲು ಬಾ ಎಂದು ಕರೆದಿದ್ದರು. ಪುಸ್ತಕಗಳು ಮಾತಿನ ನಡುವೆ ನಿಂತುಬಿಡುವುದಿಲ್ಲ, ಎದುರಿಗೆ ಬಂದವರ ಹೆಸರು ಮರೆಯುವುದಿಲ್ಲ. ಅಡವಯ್ಯನಿಗೆ ಅಷ್ಟೇ ಬೇಕಾಗಿತ್ತು. ಬಟ್ಟೆಯ ಗಂಟನ್ನು ಬೆಳಿಗ್ಗೆಯೇ ಕಟ್ಟಿ ಕೋಣೆಯ ಬಾಗಿಲ ಹಿಂದೆ ಇಟ್ಟಿದ್ದ. ಎದುರಿಗೆ ಕುಳಿತು ಬಾಯಿ ತೆರೆದಾಗ ಮಾತ್ರ ಅಪ್ಪಣೆಯ ಮಾತಿನ ಬದಲು ಈ ಪ್ರಶ್ನೆ ಹೊರಗೆ ಬಂತು.

ಕಾರಣ ಇಷ್ಟೇ. ಅಜ್ಜಾರಿಗೆ ಮರೆವು ಶುರುವಾಗಿತ್ತು. ಮಠದಲ್ಲಿ ದಿನವೂ ಸಂಜೆ ಪ್ರವಚನ ನಡೆಯುತ್ತದೆ. ಶಿಷ್ಯ ಹಿಂದೆ ಕುಳಿತು ಒಂದು ಪದ್ಯ ಓದುವುದು, ಗುರುಗಳು ಅದರ ಅರ್ಥ ಬಿಡಿಸುವುದು ಅಲ್ಲಿನ ಪದ್ಧತಿ. ಈಚೆಗೆ ಅಜ್ಜಾರು ಅರ್ಥ ಹೇಳುತ್ತ ಹೇಳುತ್ತ ನಡುವೆಯೇ ನಿಂತುಬಿಡುತ್ತಿದ್ದರು. ಆಗ ಅಡವಯ್ಯ, ಕೇಳುವವರಿಗೆ ಅನುಕೂಲವಾಗಲಿ ಎನ್ನುವವನಂತೆ, ಅದೇ ಪದ್ಯವನ್ನು ಮತ್ತೊಮ್ಮೆ ನಿಧಾನವಾಗಿ ಓದುತ್ತಿದ್ದ. ಅಷ್ಟರಲ್ಲಿ ಅಜ್ಜಾರಿಗೆ ಎಳೆ ಸಿಕ್ಕರೆ ಪ್ರವಚನ ಮುಂದೆ ಸಾಗುತ್ತಿತ್ತು. ಸಿಗದಿದ್ದರೆ, ಅಜ್ಜಾರು ಹಿಂದೊಮ್ಮೆ ಹೇಳಿದ್ದರು ಎಂದು ಶುರುಮಾಡಿ ಉಳಿದ ಅರ್ಥವನ್ನು ತಾನೇ ಮುಗಿಸುತ್ತಿದ್ದ. ಭಕ್ತರು ಪಾದ ಮುಟ್ಟಲು ಬಂದರೆ ಅವರ ಹೆಸರು, ಊರು, ಮನೆತನವನ್ನು ಜೋರಾಗಿ ಕೂಗಿ ಸ್ವಾಗತಿಸುತ್ತಿದ್ದ. ಅದು ಮರ್ಯಾದೆಯ ಮಾತು ಎಂದು ಭಕ್ತರು ತಿಳಿದಿದ್ದರು. ಈ ವಯಸ್ಸಿನಲ್ಲೂ ಅಜ್ಜಾರಿಗೆ ಎಂಥ ನೆನಪು ಎಂದು ಊರವರು ಹೊಗಳುವಾಗ ಅಡವಯ್ಯ ತಲೆ ತಗ್ಗಿಸಿಕೊಂಡು ಇರುತ್ತಿದ್ದ.

ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಜ್ಜಾರಿಗೂ ಹೇಳಿರಲಿಲ್ಲ. ಹೇಳಿದರೆ ಅವರು ಗದ್ದುಗೆಯಿಂದ ಇಳಿದುಬಿಡುತ್ತಾರೆ, ಇಳಿದ ಮೇಲೆ ಬದುಕುವುದಿಲ್ಲ ಎಂದು ಅವನ ಹೆದರಿಕೆ. ಹಾಗಾಗಿ ಪ್ರವಚನದ ಹೊತ್ತಿಗೆಲ್ಲ ಅವನ ಮೈ ಬಿಗಿದುಕೊಂಡಿರುತ್ತಿತ್ತು. ಅಜ್ಜಾರು ಉಸಿರೆಳೆದುಕೊಂಡರೂ ಸಾಕು, ಈಗ ನಿಂತರು ಎಂದು ಪದ್ಯದ ಮೊದಲ ಸಾಲಿಗೆ ಬಾಯಿ ತೆರೆಯುತ್ತಿದ್ದ. ತನ್ನ ತಲೆಯ ಜೊತೆಗೆ ಇನ್ನೊಬ್ಬರ ತಲೆಯನ್ನೂ ಹೊತ್ತು ತಿರುಗಿ ಅವನು ಹಣ್ಣಾಗಿದ್ದ. ಕೆಲವು ದಿನ ಅಜ್ಜಾರ ಮೇಲೆ ಸಿಟ್ಟು ಬರುತ್ತಿತ್ತು. ಅದರ ಹಿಂದೆಯೇ ತನ್ನ ಮೇಲೆ ನಾಚಿಕೆ ಬರುತ್ತಿತ್ತು.

ಅಜ್ಜಾರು ಪ್ರಶ್ನೆಯನ್ನು ಕೇಳಿಸಿಕೊಂಡರು. ಆಮೇಲೆ, ಬೇಸ್ ಗಿಟಾರು ಎಂದರೆ ಏನು ಗೊತ್ತೇ ಎಂದು ಕೇಳಿದರು. ಅಡವಯ್ಯನಿಗೆ ಅಯ್ಯೋ ಎನಿಸಿತು. ಸೇವೆಯ ಮಾತು ಕೇಳಿದರೆ ಇವರು ಗಿಟಾರಿಗೆ ಹೋದರಲ್ಲ, ಮತ್ತೆ ಎಳೆ ತಪ್ಪಿತು ಎಂದುಕೊಂಡ. ಪದ್ಯವಾಗಿದ್ದರೆ ಇನ್ನೊಮ್ಮೆ ಓದಬಹುದಿತ್ತು. ಗೊತ್ತಿಲ್ಲ ಎಂದು ತಲೆಯಾಡಿಸಿದ.

ಅಜ್ಜಾರು ಸನ್ಯಾಸಕ್ಕೆ ಬರುವ ಮೊದಲು ಒಂದು ರೈಲ್ವೆ ಊರಿನಲ್ಲಿ ಓದಿದವರು. ಅವರು ಆಡುವ ಮಾತು ನಮ್ಮ ನಿಮ್ಮಂತೆಯೇ ಇದ್ದರೂ ಕತೆ ಹೇಳುವಾಗ ಮಾತ್ರ ಪ್ರವಚನದ ಭಾಷೆಗೆ ಹೊರಳುತ್ತಿದ್ದರು. ಅವರು ಹೇಳಿದ್ದು ಹೀಗೆ.

ಒಂದು ರೈಲ್ವೆ ಊರಿನಲ್ಲಿ ಒಬ್ಬ ವಾದಕನಿದ್ದ. ಬೇಸ್ ಗಿಟಾರು ನುಡಿಸುತ್ತಿದ್ದ. ದಪ್ಪ ತಂತಿಯ, ತಗ್ಗು ದನಿಯ ವಾದ್ಯ ಅದು. ವೀಣೆಗಿರುವಂತೆ ಅದಕ್ಕೂ ಸಾಮಾನ್ಯವಾಗಿ ಮೆಟ್ಟಿಲುಗಳಿರುತ್ತವೆ. ಮೆಟ್ಟಿಲ ಬಳಿ ಬೆರಳು ಒತ್ತಿದರೆ ಸ್ವರ ತಾನಾಗಿ ಜಾಗದಲ್ಲಿ ನಿಲ್ಲುತ್ತದೆ. ಇವನ ವಾದ್ಯಕ್ಕೆ ಮೆಟ್ಟಿಲಿರಲಿಲ್ಲ. ಇದ್ದದ್ದು ಬೀಟೆ ಮರದ ಒಂದು ಬರಿ ಹಲಗೆ. ಸ್ವರ ಎಲ್ಲಿದೆ ಎಂದು ಬೆರಳೇ ಹುಡುಕಿಕೊಳ್ಳಬೇಕು. ಒಂದು ಕೂದಲಷ್ಟು ಹಿಂದೆ ಇಟ್ಟರೆ ಸ್ವರ ಇಳಿಯುತ್ತದೆ, ಮುಂದೆ ಇಟ್ಟರೆ ಏರುತ್ತದೆ.

ಅವನಿಗೆ ಒಬ್ಬ ಅಕ್ಕ. ತಂದೆತಾಯಿ ಬೇಗ ಹೋದದ್ದರಿಂದ ಅವನನ್ನು ಸಾಕಿದವಳು ಅವಳೇ. ರೈಲ್ವೆ ಕ್ಲಬ್ಬಿನ ಬ್ಯಾಂಡು ಮುಚ್ಚಿದಾಗ ಮೂಲೆಯಲ್ಲಿ ಬಿದ್ದಿದ್ದ ಆ ವಾದ್ಯವನ್ನು ಕೇಳಿ ತಂದವಳೂ ಅವಳೇ. ಮೆಟ್ಟಿಲು ಕಿತ್ತಿದ್ದ ಕಾರಣ ಅದು ಬೇರೆ ಯಾರಿಗೂ ಬೇಡವಾಗಿತ್ತು. ಅಕ್ಕ ಹಾಡುತ್ತಿದ್ದಳು, ತಮ್ಮ ನುಡಿಸುತ್ತಿದ್ದ. ಮದುವೆ ಮನೆ, ಪ್ರಾರ್ಥನೆಯ ಮನೆ, ಯಾರಾದರೂ ನೌಕರಿಯಿಂದ ನಿವೃತ್ತರಾಗುವ ದಿನ, ಯಾರಾದರೂ ತೀರಿಕೊಂಡ ಮನೆ, ಎಲ್ಲ ಕಡೆ ಅವರನ್ನು ಕರೆಯುತ್ತಿದ್ದರು. ಜೊತೆಗೆ ಇನ್ನೊಂದು ವಾದ್ಯ ಇರುತ್ತಿರಲಿಲ್ಲ. ಶ್ರುತಿಪೆಟ್ಟಿಗೆಯನ್ನೂ ಇಟ್ಟುಕೊಂಡಿರಲಿಲ್ಲ. ಅವನ ತಂತಿಯೇ ಶ್ರುತಿ. ಅಕ್ಕನಿಗೆ ಹಾಡುವುದು ಬಿಟ್ಟು ಬೇರೆ ಸಂತೋಷವಿರಲಿಲ್ಲ, ಅದು ಊರಿಗೆಲ್ಲ ಗೊತ್ತಿತ್ತು.

ಒಂದು ಸಲ ಅಕ್ಕ ಕಾಯಿಲೆ ಬಿದ್ದಳು. ಗುಣವಾಯಿತು. ಆದರೆ ಆಮೇಲೆ ಅವಳ ಧ್ವನಿ ಮೇಲಿನ ಸ್ವರಗಳಿಗೆ ಏರುವಾಗ ಒಂದೆಳೆ ಕೆಳಗೇ ನಿಂತುಬಿಡತೊಡಗಿತು. ಅವಳಿಗೆ ಅದು ಕೇಳಿಸುತ್ತಿಲ್ಲ ಎಂದು ತಮ್ಮ ತಿಳಿದ. ಅವಳು ನಿಂತಲ್ಲಿಗೆ ತನ್ನ ಬೆರಳನ್ನು ಹಿಂದೆ ಸರಿಸಿದ. ಇಬ್ಬರೂ ಒಟ್ಟಿಗೆ ಒಂದೇ ಕಡೆ ತಪ್ಪಿದರೆ ಕೇಳುವವರಿಗೆ ಅದು ತಪ್ಪು ಎನಿಸುವುದಿಲ್ಲ. ಅಳೆದು ನೋಡಲು ಮೂರನೆಯದು ಅಲ್ಲಿ ಇರಲೂ ಇಲ್ಲ. ಹಾಡು ಮೊದಲಿನಂತೆಯೇ ಇದೆ ಎಂದು ಜನ ತಲೆದೂಗಿದರು.

ಬೆರಳಿಡದೆ ಮೀಟುವ ಬರಿ ತಂತಿಗೆ ಮಾತ್ರ ದಾಕ್ಷಿಣ್ಯವಿಲ್ಲ. ಅದು ಇದ್ದ ಸ್ವರವನ್ನೇ ಹೇಳುತ್ತದೆ. ಹಾಗಾಗಿ ಅವನು ಬರಿ ತಂತಿ ಮೀಟುವುದನ್ನು ಬಿಟ್ಟ. ಉಳಿದ ವಾದಕರಿಗೆ ಕೈ ಸ್ವಲ್ಪ ದಣಿವಾರಿಸಿಕೊಳ್ಳುವುದು ಅಲ್ಲಿಯೇ. ಇವನ ಎಡಗೈಗೆ ಹಾಡು ಮುಗಿಯುವವರೆಗೆ ಬಿಡುವಿರಲಿಲ್ಲ. ಕಿವಿ ಅಕ್ಕನ ಮೇಲೆ, ಬೆರಳು ಹಲಗೆಯ ಮೇಲೆ. ವರ್ಷಗಳು ಹೋದವು. ಅದು ಎಷ್ಟು ರೂಢಿಯಾಯಿತು ಎಂದರೆ, ತಾನು ಹಾಗೆ ಮಾಡುತ್ತಿದ್ದೇನೆ ಎಂಬುದನ್ನೇ ಅವನು ಮರೆತ. ಬೆರಳು ತಾನಾಗಿ ಹಿಂದೆ ಹೋಗುತ್ತಿತ್ತು.

ಆ ವಾದ್ಯದ ತಂತಿಯ ಮೇಲೆ ಉಕ್ಕಿನ ಸಣ್ಣ ಎಳೆಯನ್ನು ಸುತ್ತಿರುತ್ತಾರೆ. ಮರದ ಮೇಲೆ ಒತ್ತಿ ಒತ್ತಿ ಅಲುಗಾಡಿಸಿದರೆ ಅದು ಅರದಂತೆ ತೇಯುತ್ತದೆ. ಅವನು ಹಬ್ಬದ ಹೊತ್ತಿಗೆ ಹಲಗೆಗೆ ಅಗಸೆ ಎಣ್ಣೆ ಸವರುತ್ತಿದ್ದ. ಎಣ್ಣೆ ಮರಕ್ಕೆ ಹಿತ, ಉಕ್ಕಿಗೆ ತಡೆಯಲ್ಲ. ಹಲಗೆಯಲ್ಲಿ ಗೀರುಗಳು ಬಿದ್ದವು, ಗೀರುಗಳು ಗುಳಿಗಳಾದವು. ತಂತಿ ಗುಳಿಯಲ್ಲಿ ಕೂತು ಝರ್ರೆಂದು ಒದರತೊಡಗಿತು. ಮಣಿಕಟ್ಟು ನೋಯುತ್ತಿತ್ತು, ಹೆಗಲು ನೋಯುತ್ತಿತ್ತು. ವಾದ್ಯವನ್ನು ಹೆಗಲಿಗೇರಿಸುವುದೇ ಅವನಿಗೆ ಬೇಜಾರಾಯಿತು. ಕರೆ ಬಂದರೆ ಸಂತೋಷ ಹೋಗಿ, ಮತ್ತೆ ಬಂತಲ್ಲ ಎನಿಸುತ್ತಿತ್ತು. ಅವನಿಗೆ ಸಾಕಾಗಿತ್ತು. ಯಾಕೆ ಸಾಕಾಯಿತು ಎಂದು ಕುಳಿತು ಯೋಚಿಸುವ ಶಕ್ತಿಯೂ ಉಳಿದಿರಲಿಲ್ಲ. ಎದುರಿಗೆ ಸವೆದ ಹಲಗೆ ಕಾಣುತ್ತಿತ್ತು. ತಪ್ಪೆಲ್ಲ ಅದರದು ಎಂದುಕೊಂಡ.

ಪಕ್ಕದ ಪಟ್ಟಣದಲ್ಲಿ ವಾದ್ಯ ರಿಪೇರಿ ಮಾಡುವವನೊಬ್ಬನಿದ್ದ. ವಾದಕ ಅವನ ಅಂಗಡಿಗೆ ಹೋಗಿ, ಇನ್ನು ಮುಂದೆ ಸವೆಯದಂತೆ ಮಾಡಿಕೊಡಿ ಎಂದ. ರಿಪೇರಿಯವನ ಹತ್ತಿರ ಹೋದರೆ ಅವನು ರಿಪೇರಿ ಮಾಡದೆ ಕಳಿಸುತ್ತಾನೆಯೇ? ಹಲಗೆ ಹೆರೆದು ಮಟ್ಟ ಮಾಡುತ್ತೇನೆ ಎಂದ. ಮೇಲೆ ಎಪಾಕ್ಸಿ ಲೇಪ ಹೊಯ್ಯುತ್ತೇನೆ, ಹೊಯ್ಯುವಾಗ ಗಂಜಿಯ ಹಾಗಿರುತ್ತದೆ, ಒಣಗಿದ ಮೇಲೆ ಗಾಜಾಗುತ್ತದೆ, ಉಕ್ಕು ತಿಕ್ಕಿ ತಿಕ್ಕಿ ಸೋಲಬೇಕು ಎಂದ. ಆಮೇಲೆ ಹಲಗೆಯನ್ನು ಬೆಳಕಿಗೆ ಹಿಡಿದು ಅಳತೆಪಟ್ಟಿ ಇಟ್ಟು ನೋಡಿ, ಇನ್ನೊಂದು ವಿಷಯ ಹೇಳಿದ. ಮೇಲಿನ ಸ್ವರಗಳ ಗುಳಿಗಳೆಲ್ಲ ಸರಿಯಾದ ಜಾಗಕ್ಕಿಂತ ಹಿಂದೆ ಬಿದ್ದಿವೆ, ನಿಮ್ಮ ಕೈ ತಪ್ಪಾಗಿ ಕೂತುಬಿಟ್ಟಿದೆ, ಬೇಕಾದರೆ ಸರಿಯಾದ ಜಾಗದಲ್ಲಿ ಬಿಳಿಯ ಗೆರೆ ಕೊರೆದುಕೊಡುತ್ತೇನೆ ಎಂದ.

ವಾದಕನಿಗೆ ಮುಖ ತೋರಿಸಲು ಆಗದಷ್ಟು ಅವಮಾನವಾಯಿತು. ಇಷ್ಟು ವರ್ಷ ನುಡಿಸಿ ಬೆರಳಿಡಲು ಬರದವನಾದೆನಲ್ಲ ಎಂದು ಕುಗ್ಗಿಹೋದ. ಆ ಗುಳಿಗಳು ಯಾಕೆ ಹಿಂದೆ ಬಿದ್ದಿವೆ ಎಂಬುದು ಅವನ ನೆನಪಿಗೆ ಬರಲೇ ಇಲ್ಲ. ಗೆರೆ ಕೊರೆಯಿರಿ ಎಂದ. ಕೊರೆದರೆ ಕಿವಿಗೂ ಕೈಗೂ ವಿಶ್ರಾಂತಿ, ಗೆರೆಯ ಮೇಲೆ ಬೆರಳಿಟ್ಟರೆ ಆಯಿತು ಎಂದು ಸಮಾಧಾನ ಮಾಡಿಕೊಂಡ.

ವಾದ್ಯ ಹೊಸದಾಗಿ ಮನೆಗೆ ಬಂತು. ಅಕ್ಕ ಹಲಗೆಯ ಮೇಲೆ ಕೈಯಾಡಿಸಿ, ಕನ್ನಡಿ ಆಗಿದೆಯಲ್ಲ ಎಂದು ನಕ್ಕಳು. ಗೆರೆಗಳ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದುಕೊಂಡಳು.

ಆ ವಾರವೇ ಒಂದು ಮದುವೆ. ರೈಲ್ವೆ ಸಭಾಂಗಣದಲ್ಲಿ ಜನ ತುಂಬಿದ್ದರು. ಮೊದಲ ಹಾಡು ತಗ್ಗಿನದು. ಲೇಪದಿಂದಾಗಿ ಒಂದೊಂದು ಸ್ವರವೂ ತೊಳೆದಿಟ್ಟಂತೆ ಬಿಡಿಬಿಡಿಯಾಗಿ ಕೇಳಿಸಿತು. ಜನ ಮಾತು ನಿಲ್ಲಿಸಿ ತಿರುಗಿ ನೋಡಿದರು. ವಾದಕನಿಗೆ ಬಹಳ ದಿನದ ಮೇಲೆ ಖುಷಿಯಾಯಿತು. ಎರಡನೆಯ ಹಾಡು ಮೇಲಕ್ಕೆ ಏರುವಂಥದು. ಅವನ ಬೆರಳು ಗೆರೆಯ ಮೇಲೆ ನಿಂತಿತು. ಅಕ್ಕನ ಧ್ವನಿ ಅಲ್ಲಿಗೆ ಬರಲಿಲ್ಲ. ಒಂದೆಳೆ ಕೆಳಗೆ ನಿಂತಿತು. ಮರದ ಹಲಗೆಯಾಗಿದ್ದರೆ ಸ್ವಲ್ಪ ನುಂಗಿಕೊಳ್ಳುತ್ತಿತ್ತೇನೋ, ಗಾಜಿನಂಥ ಹಲಗೆ ಏನನ್ನೂ ನುಂಗಲಿಲ್ಲ. ಅಕ್ಕ ಅಪಸ್ವರ ಹಾಡುತ್ತಿದ್ದಾಳೆ ಎಂಬುದು ಮದುವೆಗೆ ಬಂದ ಮಕ್ಕಳಿಗೂ ತಿಳಿಯುವಂತಾಯಿತು.

ಆಗ ಅವನಿಗೆ ನೆನಪಾಯಿತು. ಕಾಯಿಲೆ, ಆಮೇಲಿನ ಮೊದಲ ಹಾಡು, ತನ್ನ ಬೆರಳು ಮೊದಲ ಸಲ ಹಿಂದೆ ಸರಿದದ್ದು, ಎಲ್ಲವೂ. ತಟ್ಟನೆ ಬೆರಳನ್ನು ಹಿಂದಕ್ಕೆ ಎಳೆದ. ಬೆರಳು ಹಳೆಯ ಗುಳಿಯನ್ನು ಹುಡುಕಿತು. ಗುಳಿ ಇರಲಿಲ್ಲ. ನುಣುಪಾದ ಹಲಗೆಯ ಮೇಲೆ ಬೆರಳು ಜಾರಿ ಬೇಕಾದದ್ದಕ್ಕಿಂತ ಹಿಂದೆ ಹೋಯಿತು. ಅಕ್ಕ ಅವನನ್ನು ಹುಡುಕಿಕೊಂಡು ಇನ್ನೂ ಕೆಳಗೆ ಬಂದಳು. ಒಬ್ಬರಿಗೆ ಒಬ್ಬರು ಸಿಗಲಿಲ್ಲ. ಅವಳು ಹಾಡು ನಿಲ್ಲಿಸಿ, ಗಂಟಲು ಒಣಗಿದೆ ಎಂದು ನೀರು ಕುಡಿದು, ಒಂದು ತಗ್ಗಿನ ಹಾಡು ಹೇಳಿ ಕೆಳಗಿಳಿದಳು. ಪರಿಚಯದ ಮುದುಕಿಯೊಬ್ಬಳು ಹತ್ತಿರ ಬಂದು, ಮೈಯಲ್ಲಿ ಹುಷಾರಿಲ್ಲವೇ ಮಗಳೇ ಎಂದು ಪ್ರೀತಿಯಿಂದಲೇ ಕೇಳಿದಳು. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

ಅಂದಿನಿಂದ ಅವಳು ಹಾಡಲಿಲ್ಲ. ಕರೆಯಲು ಬಂದವರಿಗೆ ಚಹಾ ಕೊಟ್ಟು, ನನ್ನದು ಮುಗಿಯಿತು, ಬೇರೆಯವರನ್ನು ನೋಡಿಕೊಳ್ಳಿ ಎಂದು ಕಳಿಸಿದಳು. ತಮ್ಮನ ಮೇಲೆ ಸಿಟ್ಟು ಮಾಡಲಿಲ್ಲ. ರೊಟ್ಟಿ ಬಡಿಯುವಾಗ ಅವಳು ತನಗೆ ತಾನೇ ಏನಾದರೂ ಗುನುಗುತ್ತಿದ್ದಳು. ಅದನ್ನೂ ಬಿಟ್ಟಳು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ ಉಳಿಯಿತು.

ಇಲ್ಲಿಗೆ ಬಂದು ಅಜ್ಜಾರು ನಿಂತರು. ಆಮೇಲೆ ಅವನು, ಎಂದರು. ಮತ್ತೆ, ಆಮೇಲೆ, ಎಂದರು. ಕಣ್ಣು ಅಂಗಳದ ಕಡೆಗೆ ಹೋಯಿತು. ಅಡವಯ್ಯ ಕಾದ. ಈ ಕತೆಯನ್ನು ಅವನು ಎಂದೂ ಕೇಳಿದವನಲ್ಲ, ಮುಂದಿನದನ್ನು ಎತ್ತಿಕೊಡುವಂತಿರಲಿಲ್ಲ. ರೂಢಿಯ ಬಲದಿಂದ ಹಿಂದಿನದನ್ನೇ ಮೆಲ್ಲಗೆ ಎತ್ತಿಕೊಟ್ಟ.

“ಅಕ್ಕ ರೊಟ್ಟಿ ಬಡೀವಾಗ ಹಾಡೂದು ಬಿಟ್ಲು ಅಂದ್ರಿ, ಅಜ್ಜಾರ.”

ಹೌದು, ಬಿಟ್ಟಳು, ಎಂದು ಅಜ್ಜಾರು ಮುಂದುವರಿಸಿದರು.

ವಾದಕ ಮತ್ತೆ ರಿಪೇರಿಯವನ ಅಂಗಡಿಗೆ ಹೋದ. ಲೇಪ ತೆಗೆದುಬಿಡಿ, ನನಗೆ ನನ್ನ ಸವೆದ ಹಲಗೆಯೇ ಬೇಕು ಎಂದ. ರಿಪೇರಿಯವನಿಗೆ ಇವನಿಗೆ ತಲೆ ಕೆಟ್ಟಿದೆ ಎನಿಸಿತು. ಹಲಗೆ ಹೆರೆದು ಆಗಲೇ ತೆಳುವಾಗಿದೆ, ಇನ್ನೊಮ್ಮೆ ಹೆರೆದರೆ ವಾದ್ಯದ ಕತ್ತು ಬಾಗುತ್ತದೆ, ಹೆರೆದು ಬಿಸಾಡಿದ ಗುಳಿಗಳನ್ನು ಎಲ್ಲಿಂದ ತರಲಿ ಎಂದ. ಅವನ ಮಾತು ನ್ಯಾಯವಾಗಿತ್ತು.

ಬೇರೆ ದಾರಿ ಕಾಣದೆ ವಾದಕ ಅಕ್ಕನಿಗೆ ಒಂದು ಸುಳ್ಳು ಹೇಳಿದ. ಆ ದಿನ ಹಾಳಾದದ್ದು ಈ ಹೊಸ ಲೇಪದಿಂದ, ನಿನ್ನ ಧ್ವನಿಯಿಂದಲ್ಲ, ವಾದ್ಯವನ್ನು ಸರಿ ಮಾಡಿಕೊಳ್ಳಬೇಕು, ಕುಳಿತು ಒಂದೆರಡು ಸಾಲು ಹೇಳು ಎಂದ. ತನಗಾಗಿ ಹಾಡದವಳು ವಾದ್ಯಕ್ಕಾಗಿ ಹಾಡಿದಳು. ಅವಳು ಹೇಳುತ್ತ ಹೋದಂತೆ ಅವನು ಗೆರೆಗಳನ್ನು ಬಿಟ್ಟು, ಅವಳು ಎಲ್ಲೆಲ್ಲಿ ನಿಲ್ಲುತ್ತಾಳೆ ಎಂದು ಮತ್ತೆ ಹುಡುಕಿದ. ಮರದಲ್ಲಾದರೆ ಗುಳಿ ಬೆರಳನ್ನು ಕರೆದು ಕೂರಿಸುತ್ತಿತ್ತು. ಇಲ್ಲಿ ಗುರುತಿಲ್ಲ, ಇರುವ ಗುರುತು ಬೇಡ. ಒಂದೊಂದು ಸಲವೂ ಹೊಸದಾಗಿ ಹುಡುಕಬೇಕು, ಒಂದಿಷ್ಟು ತಪ್ಪಿದರೂ ಗಾಜು ಅದನ್ನು ಊರಿಗೆಲ್ಲ ಸಾರುತ್ತದೆ. ಉಕ್ಕಿನ ತಂತಿಯನ್ನು ಗಾಜಿನಂಥ ಹಲಗೆಗೆ ಒತ್ತಿ ಒತ್ತಿ ಬೆರಳ ತುದಿ ಒಡೆಯಿತು. ಹಲಗೆ ಸವೆಯುವುದು ನಿಂತಿತ್ತು, ಈಗ ಬೆರಳು ಸವೆಯತೊಡಗಿತು. ಯಾವುದಾದರೂ ಒಂದು ಸವೆಯಲೇಬೇಕಲ್ಲ. ಅವನು ಬೆರಳಿಗೆ ಅಂಟುಪಟ್ಟಿ ಸುತ್ತಿಕೊಂಡು, ತರಕಾರಿ ಹೆಚ್ಚುವಾಗ ಕೊಯ್ದುಕೊಂಡೆ ಎಂದು ಹೇಳಿದ.

ಅಕ್ಕ ಮತ್ತೆ ಹೊರಗೆ ಹಾಡಲು ಬಂದಳು. ಜನರಿಗೆ ಸಂತೋಷವಾಯಿತು. ಹಾಡು ಮತ್ತೆ ಒಂದಾಗಿತ್ತು, ಕಿವಿಗೆ ಏನೂ ಊನವಿರಲಿಲ್ಲ. ಆದರೆ ಕಣ್ಣಿಗೆ ಇತ್ತು. ಕಪ್ಪು ಹಲಗೆಯ ಮೇಲೆ ಬಿಳಿಯ ಗೆರೆಗಳು, ಮೇಲಿನ ಸ್ವರ ಬಂದಾಗಲೆಲ್ಲ ಗೆರೆಯ ಹಿಂದೆ ನಿಲ್ಲುವ ಬೆರಳು. ಒಂದು ಮದುವೆಗೆ ಬೇರೆ ಊರಿನ ವಾದಕನೊಬ್ಬ ಬಂದಿದ್ದ. ಮುಂದಿನ ಸಾಲಿನಲ್ಲಿ ಕುಳಿತು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದ ಕೇಳಿದ. ಊಟದ ಪಂಕ್ತಿಯಲ್ಲಿ ಕುಳಿತಾಗ ಎಲ್ಲರಿಗೂ ಕೇಳುವಂತೆ, ಗೆರೆ ಹಾಕಿಕೊಟ್ಟರೂ ಬೆರಳಿಡಲು ಬರದವನನ್ನು ಇಲ್ಲಿಯೇ ನೋಡಿದ್ದು ಎಂದ. ಜನ ನಕ್ಕರು. ಪಕ್ಕದ ಎಲೆಯಲ್ಲಿದ್ದವರು ನಿಜವೇನೋ ಎಂಬಂತೆ ಇವನ ಕೈ ನೋಡಿದರು. ಅವನು ತಲೆ ಎತ್ತದೆ ಅನ್ನ ಕಲಸುತ್ತ ಕುಳಿತ. ಆ ಮಾತು ಎದುರಿನ ಪಂಕ್ತಿಯಲ್ಲಿದ್ದ ಅಕ್ಕನಿಗೂ ಕೇಳಿಸಿತು.

ಅವಳು ಮನೆಗೆ ಬಂದು ಕಾಲು ತೊಳೆದುಕೊಂಡು, ತುಪ್ಪದ ಗಿಂಡಿ ತೆಗೆದುಕೊಂಡು ಅವನ ಎದುರಿಗೆ ಕುಳಿತಳು.

“ಎಲ್ಲಿ, ಕೈ ತೋರಸು,” ಎಂದಳು.

ಅವನು ಏನೂ ಆಗಿಲ್ಲ ಎಂದ. ಅವಳೇ ಎಡಗೈ ಎಳೆದುಕೊಂಡು, ಅಂಟುಪಟ್ಟಿ ಬಿಚ್ಚಿ, ಒಡೆದ ಬೆರಳ ತುದಿಗಳಿಗೆ ಒಂದೊಂದಾಗಿ ತುಪ್ಪ ಹಚ್ಚಿದಳು. ಅವನ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂತೋ ಬೇರೆ ಯಾತಕ್ಕೆ ಬಂತೋ, ಅವನಿಗೂ ತಿಳಿಯಲಿಲ್ಲ.

“ನೀ ಕೆಳಗ ಇಳದು ಬರೂದು ನನಗ ಕೇಳಸೂದಿಲ್ಲಂತ ತಿಳಕೊಂಡಿದ್ದೇನೋ, ತಮ್ಮಾ?” ಎಂದಳು ಅಕ್ಕ. “ನಾಳಿಂದ ಗೆರಿ ಮ್ಯಾಲೆ ನುಡಸು. ನನಗ ಮುಟ್ಟೂವಷ್ಟು ಮುಟ್ಟತೀನಿ. ಮುಟ್ಟಲಾರದ ಕಡೆ ಸುಮ್ನಿರತೀನಿ, ಅಲ್ಲಿ ನೀ ಒಬ್ಬನ ನುಡಸು.”

ಆಮೇಲೆ ಅವರು ಹಾಗೆಯೇ ಹಾಡಿದರು. ಹಾಡು ಮೇಲಕ್ಕೆ ಏರುವಲ್ಲಿ ಅಕ್ಕ ಬಾಯಿ ಮುಚ್ಚಿ ನಿಲ್ಲುತ್ತಿದ್ದಳು. ಅಲ್ಲಿ ತಂತಿಯೊಂದೇ ಮಾತಾಡುತ್ತಿತ್ತು. ಹಾಡು ಇಳಿದು ಬಂದಾಗ ಅವಳು ಮತ್ತೆ ಸೇರಿಕೊಳ್ಳುತ್ತಿದ್ದಳು. ಇದು ಹೊಸ ನಮೂನೆ ಎಂದು ಕೆಲವರು ಮೆಚ್ಚಿದರು. ಹಾಡು ಅರ್ಧವಾಯಿತು ಎಂದು ಕೆಲವರು ಬೇರೆಯವರನ್ನು ಕರೆಸಿಕೊಂಡರು. ವಾದಕ ಬರಿ ತಂತಿಯನ್ನು ಮತ್ತೆ ಮೀಟತೊಡಗಿದ. ದಣಿವು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ದಣಿದದ್ದನ್ನು ಬಚ್ಚಿಡುವ ಕೆಲಸವೊಂದು ತಪ್ಪಿತು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಅಕ್ಕ ಮತ್ತೆ ಗುನುಗುತ್ತಿದ್ದಳು, ಅದು ಒಂದೆಳೆ ಕೆಳಗೇ ಇರುತ್ತಿತ್ತು.

ಅಜ್ಜಾರ ಕತೆ ಅಲ್ಲಿಗೆ ಮುಗಿಯಿತು. ಸಂಜೆಯ ಪ್ರವಚನಕ್ಕೆಂದು ಯಾರೋ ಸಭಾಮಂಟಪದಲ್ಲಿ ಕಸ ಹೊಡೆದು ಜಮಖಾನೆ ಹಾಸುತ್ತಿದ್ದರು. ಅಡವಯ್ಯನಿಗೆ ಬಾಗಿಲ ಹಿಂದಿನ ಗಂಟಿನ ನೆನಪಾಯಿತು. ಅಪ್ಪಣೆಯ ಮಾತು ಎತ್ತಬೇಕೆಂದು ಗಂಟಲು ಸರಿ ಮಾಡಿಕೊಂಡ. ಆದರೆ ಕತೆಯೊಳಗಿನ ಒಂದು ಮಾತು ಅವನನ್ನು ಬಿಡಲಿಲ್ಲ. ಅದನ್ನು ಕೇಳದೆ ಏಳುವುದು ಅವನಿಂದ ಆಗಲಿಲ್ಲ.

“ಹಂಗಾದ್ರ, ಅಕ್ಕಗ ಯಾವಾಗಿಂದ ಗೊತ್ತಿತ್ರಿ?”

ಅಜ್ಜಾರು ಅಂಗಳದ ಕಡೆ ನೋಡುತ್ತ ಕುಳಿತರು. ಪ್ರಶ್ನೆ ಮರೆತುಹೋಯಿತು ಎಂದು ಅಡವಯ್ಯನಿಗೆ ಅನಿಸಿತು. ಎಂದಿನಂತೆ ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಲು ಬಾಯಿ ತೆರೆದ. ಅಜ್ಜಾರು ಅಂಗೈ ಎತ್ತಿ ಅವನನ್ನು ತಡೆದರು. ಎತ್ತಿದ ಅಂಗೈಯನ್ನು ಹಾಗೆಯೇ ಅವನ ಮುಂದೆ ಚಾಚಿದರು.

“ಎಲ್ಲಿ, ನಿನ್ನ ಕೈ ತೋರಸು.”